ಒಪ್ಪಿಕೊಂಡ ಮೇಲೆ

ಡಾಕ್ಟರು ಎಡಗೈಯ ನಡುಬೆರಳನ್ನು ಹೊಟ್ಟೆಯ ಮೇಲೆ ಒತ್ತಿ ಹಿಡಿದು, ಅದರ ಮೇಲೆ ಬಲಗೈ ಬೆರಳಿನಿಂದ ಬಡಿಯುತ್ತ, ಹೊಕ್ಕುಳಿನಿಂದ ಪಕ್ಕೆಯ ಕಡೆಗೆ ಸರಿಯುತ್ತಿದ್ದರು. ಸಂತೆಯಲ್ಲಿ ಹೆಂಗಸರು ಗಡಿಗೆಯನ್ನು ಬಡಿದು ನೋಡಿ ಕೊಳ್ಳುವುದು ಗುರುಲಿಂಗಪ್ಪನಿಗೆ ನೆನಪಾಯಿತು. ಹೊಕ್ಕುಳ ಸುತ್ತ ಸದ್ದು ಪೊಳ್ಳಾಗಿತ್ತು; ಪಕ್ಕೆಗೆ ಬಂದಂತೆ ಹಸಿ ಗೋಡೆಗೆ ಬಡಿದ ಹಾಗೆ ಮಂದವಾಯಿತು. ‘ಎಡಮಗ್ಗಲಾಗ್ರಿ’ ಎಂದರು. ಹೊರಳಿದ. ಈಗಷ್ಟೇ ಮಂದವಾಗಿದ್ದ ಬಲಪಕ್ಕೆಯೇ ಪೊಳ್ಳು ಸದ್ದು ಮಾಡಿತು. ತನ್ನೊಳಗೆ ಏನೋ ಜಾಗ ಬದಲಿಸಿತೆಂದು ಅವನಿಗೂ ತಿಳಿಯಿತು. ಧುಪದಾಳದ ಒಡ್ಡಿನ ಮೇಲೆ ಕಾಲುವೆ ಖಾತೆಯ ಕಾರಕೂನನಾಗಿ ಹದಿನೆಂಟು ವರ್ಷ ಅಳತೆಗಲ್ಲಿನ ಮುಂದೆ ಬಾಗಿ, ಹೊಳೆ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಬರೆದುಕೊಂಡವನಿಗೆ ಅದು ನೀರೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡು ತಿಂಗಳಿಂದ ಧೋತರದ ಗಂಟು ದಿನಕ್ಕಿಷ್ಟು ಹಿಂದೆ ಸರಿಯುತ್ತಲೇ ಇತ್ತು. ಡಾಕ್ಟರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಅಂಗೈ ತಿರುವಿ ಅದರ ಕೆಂಪನ್ನು ನೋಡಿದರು. ಎದೆಯ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ, ಚುಕ್ಕೆಯಿಂದ ಜೇಡನ ಕಾಲಿನಂತೆ ಹೊರಟ ಗೆರೆ. ನಡುವೆ ಒತ್ತಿದರೆ ಮಾಯವಾಗಿ, ಬಿಟ್ಟರೆ ಮತ್ತೆ ಮೂಡುತ್ತಿತ್ತು. ಅದನ್ನು ಅವರು ಎರಡು ಮೂರು ಸಲ ಒತ್ತಿ ಬಿಟ್ಟು ನೋಡಿದಾಗ, ತನ್ನ ಮೈ ತನಗೆ ಗೊತ್ತಿಲ್ಲದ ಯಾವುದೋ ಲಿಪಿಯಲ್ಲಿ ಚಾಡಿ ಹೇಳುತ್ತಿದೆ ಎಂದು ಗುರುಲಿಂಗಪ್ಪನಿಗೆ ಅನ್ನಿಸಿತು.

‘ಎಷ್ಟ ವರ್ಷ ಆತ್ರಿ?’

‘ಏನ್ರಿ?’

‘ಕುಡ್ಯಾಕ ಹತ್ತಿ.’

‘ನಾ ಕುಡ್ಯೂದಿಲ್ರಿ.’

‘ಈಗ ಬಿಟ್ಟಿರಬೇಕು. ಮೊದಲ?’

‘ಮೊದಲೂ ಇಲ್ರಿ. ನಾವು ಲಿಂಗವಂತ್ರು.’

ಡಾಕ್ಟರು ನಕ್ಕರು. ಕೆಟ್ಟ ನಗೆಯಲ್ಲ, ಬೇಸತ್ತ ನಗೆ. ‘ಕಾಳಿಜಕ್ಕ ಜಾತಿ ಗೊತ್ತಾಗೂದಿಲ್ರಿ, ಕಾರಕೂನ್ರ’ ಎಂದು, ಬಲಪಕ್ಕೆಯ ಎಲುಬಿನ ಕೆಳಗೆ ಬೆರಳಿಟ್ಟು ತೋರಿಸಿದರು. ಅಲ್ಲಿರುವ ಕಾಳಿಜ, ಅಂದರೆ ಯಕೃತ್ತು, ಗಟ್ಟಿಯಾಗಿದೆ, ರಕ್ತ ಅದರೊಳಗೆ ಹಾಯಲು ದಾರಿಯಿಲ್ಲದೆ ಹಿಂದಕ್ಕೆ ನಿಂತಿದೆ, ನಿಂತ ಕಡೆ ನೀರು ಸೋರುತ್ತದೆ, ನರ ಉಬ್ಬಿ ಒಡೆಯುತ್ತವೆ ಎಂದರು. ‘ರಕ್ತ ಕಾರೀರೇನು?’ ಗುರುಲಿಂಗಪ್ಪ ಇಲ್ಲ ಎಂದ. ಬಾಗಿಲ ಹೊರಗೆ ನಿಂತಿದ್ದ ಹೆಂಡತಿ ಬಾಳವ್ವ, ಸೆರಗು ಮುಂದಕ್ಕೆಳೆದುಕೊಂಡು, ಮೆಲ್ಲಗೆ, ಆದರೆ ಒಳಗೆ ಕೇಳುವಂತೆ ಹೇಳಿದಳು: ‘ಕಾರ್‍ಯಾರ್ರಿ. ಧೋತರ ನಾನ ಒಗದೇನಿ.’

ಅದು ಹದಿನೈದು ದಿನದ ಹಿಂದಿನ ಮಾತು. ಬೆಳಿಗ್ಗೆ ಅಳತೆಗಲ್ಲಿನ ಮುಂದೆ ಬಾಗಿದಾಗ ಒಳಗಿನಿಂದ ಬಿಸಿಯಾಗಿ ಏನೋ ನುಗ್ಗಿ ಬಂದು ಕಲ್ಲಿನ ಮೇಲೆಲ್ಲ ಕಪ್ಪುಗೆಂಪು ಹರಡಿತ್ತು. ಗುರುಲಿಂಗಪ್ಪ ಮೊದಲು ಮಾಡಿದ್ದು ಸುತ್ತ ನೋಡಿದ್ದು. ಯಾರೂ ಇರಲಿಲ್ಲ. ಬೊಗಸೆಯಲ್ಲಿ ನೀರು ಎತ್ತಿ ಎತ್ತಿ ಕಲ್ಲು ತೊಳೆದಿದ್ದ. ಆಮೇಲೆ ಆ ದಿನದ ಅಳತೆ ಬರೆದು, ಮನೆಗೆ ಹೋಗಿ ಧೋತರವನ್ನು ನೀರಲ್ಲಿ ನೆನೆ ಹಾಕಿದ್ದ. ಯಾಕೆ ಮುಚ್ಚಿಟ್ಟೆ? ಈಗ ಆ ಮರದ ಮಂಚದ ಮೇಲೆ ಮಲಗಿ ಕೇಳಿಕೊಂಡ. ತಪ್ಪು ಮಾಡಿದವನೇ ಹಾಗೆ ಸುತ್ತ ನೋಡುತ್ತಾನೆ. ಡಾಕ್ಟರು ಕಾಗದದ ಮೇಲೆ ಏನೋ ಬರೆದುಕೊಂಡರು. ರಕ್ತದ ವಿಷಯದಲ್ಲಿ ಸುಳ್ಳು ಹೇಳಿದ ಬಾಯಿ ಇನ್ನೊಂದರ ವಿಷಯದಲ್ಲಿ ಖರೆ ಹೇಳೀತೇ ಎಂಬುದು ಅವರು ಬರೆಯುವ ರೀತಿಯಲ್ಲೇ ಇತ್ತು. ‘ಹನ್ನೆರಡು ವರ್ಷದ ಹಿಂದ ಕಾಮಾಲಿ ಆಗಿತ್ರಿ’ ಎಂದು ಗುರುಲಿಂಗಪ್ಪ ಅವಸರದಿಂದ ಹೇಳಿದ. ಬೆಲ್ಲದ ಬಾಗೇವಾಡಿಯ ತಮ್ಮನ ಮನೆಯಲ್ಲಿ ತಿಂಗಳಿಡೀ ಮಲಗಿದ್ದು, ಆಗಿನ್ನೂ ಬದುಕಿದ್ದ ಅವ್ವ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಟ್ಟಿದ್ದು, ಉಗುರೂ ಅರಿಷಿಣವಾಗಿದ್ದು. ‘ಕಾಮಾಲಿ ಬರ್ತೈತಿ, ಹೋಗ್ತೈತಿ. ಕಾಳಿಜ ಕಲ್ಲ ಮಾಡೂದು ಅದಲ್ಲ’ ಎಂದರು ಡಾಕ್ಟರು. ಉಪ್ಪು ಬಂದ್. ಹಾಲು, ನುಚ್ಚು. ಸೂಜಿ ಹಾಕುತ್ತೇವೆ, ಉಚ್ಚೆ ಹೋಗುತ್ತದೆ. ಹೋಗದಿದ್ದರೆ ಹೊಟ್ಟೆಗೆ ತೂತು ಹಾಕಿ ನೀರು ತೆಗೆಯಬೇಕು. ಎಲ್ಲ ಹೇಳಿ ಕೊನೆಗೆ, ಅಂಗಿಯ ಗುಂಡಿ ಹಾಕಿಕೊಳ್ಳಲು ತಡಕಾಡುತ್ತಿದ್ದವನ ಕಡೆ ನೋಡದೆ, ‘ವಿಚಾರ ಮಾಡಿ ಬರ್ರಿ. ಡಾಕ್ಟರ ಮುಂದ ಮುಚ್ಚಿಡಬಾರದು’ ಎಂದರು.

ಗೋಕಾಕದಿಂದ ಟಾಂಗಾದಲ್ಲಿ ಮೂವರೂ ಹಿಂದಿರುಗಿದರು. ತಮ್ಮ ದುಂಡಪ್ಪ ಬಾಗೇವಾಡಿಯಿಂದ ಹೊಲ ಬಿಟ್ಟು ಬಂದಿದ್ದ. ಹೊರಗಿನ ಬೆಂಚಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದ. ಚಿಕ್ಕಂದಿನಿಂದ ಅಣ್ಣನ ಎದುರು ತಲೆ ಎತ್ತಿ ಮಾತಾಡದವನು ಈಗ ಎದುರಿಗೇ ಕೂತು, ಅಣ್ಣನ ಮುಖವನ್ನು ಮಾರಾಟಕ್ಕೆ ಬಂದ ದನದ ಹಲ್ಲು ನೋಡುವಂತೆ ನೋಡುತ್ತಿದ್ದ. ಗುರುಲಿಂಗಪ್ಪ ಹಣೆಯ ವಿಭೂತಿ ಮುಟ್ಟಿಕೊಂಡ. ಹಾಗೆ ಮುಟ್ಟಿಕೊಂಡದ್ದೂ ನಾಟಕದಂತೆ ಕಂಡಿರಬೇಕೆಂದು ಹೊಳೆದು ಕೈ ಕೆಳಗಿಳಿಸಿದ. ಆವತ್ತಿನಿಂದ ಅವನ ಯಾವ ಚಲನೆಯೂ ತನ್ನಷ್ಟಕ್ಕೆ ನಡೆಯಲಿಲ್ಲ. ಎಡವಿದರೆ, ನೋಡಿದರು. ಕಣ್ಣು ಕೆಂಪಾದರೆ, ನೋಡಿದರು. ಕಚೇರಿಯಿಂದ ಅರ್ಧ ತಾಸು ತಡವಾದರೆ ಬಾಳವ್ವ ಹತ್ತಿರ ಬಂದು ಹೆಗಲ ಮೇಲಿನ ವಸ್ತ್ರ ತೆಗೆದುಕೊಳ್ಳುವ ನೆಪದಲ್ಲಿ ಉಸಿರು ಎಳೆದುಕೊಳ್ಳುತ್ತಿದ್ದಳು. ಅದು ಅವನಿಗೆ ಗೊತ್ತಿಲ್ಲವೆಂದು ಅವಳು ತಿಳಿದಿದ್ದಳು. ಗೊತ್ತಿಲ್ಲದಂತೆ ಅವನೂ ನಿಂತುಕೊಳ್ಳುತ್ತಿದ್ದ.

ಇಲ್ಲದ್ದನ್ನು ಇಲ್ಲವೆಂದು ತೋರಿಸುವುದು ಹೇಗೆ? ಕುಡಿದವನಾದರೆ ಬಿಟ್ಟೆ ಎಂದು ಹೇಳಬಹುದು, ಅತ್ತು ಕಾಲು ಹಿಡಿಯಬಹುದು. ಗುರುಲಿಂಗಪ್ಪನ ಬಳಿ ತೋರಿಸಲು ಏನೂ ಇರಲಿಲ್ಲ. ಅವನು ತನ್ನ ನಲವತ್ತೇಳು ವರ್ಷವನ್ನು ಒಂದೊಂದಾಗಿ ತಡವಿ, ಎಲ್ಲಾದರೂ ಯಾರಾದರೂ ಔಷಧಿಯೆಂದೋ ಶರಬತ್ತೆಂದೋ ಕುಡಿಸಿದ್ದರೇ ಎಂದು ಹುಡುಕತೊಡಗಿದ. ಸಿಕ್ಕಿದ್ದು ಬೇರೆಯೇ. ಆರು ವರ್ಷದ ಹಿಂದೆ ತೂಬಿನ ಬಾಗಿಲು ಏರಿಸುವ ಕೆಲಸದ ಮಾಯಪ್ಪ, ಏರಿಸಬೇಕಾದ ದಿನ ಏರಿಸದೆ ಕಾಲುವೆಯ ದಂಡೆಯ ಮೇಲೆ ಬಿದ್ದಿದ್ದ. ಕುಡಿದಿದ್ದಾನೆಂದು ಗುರುಲಿಂಗಪ್ಪ ವರದಿ ಬರೆದ. ಜ್ವರ ಬಂದಿತ್ತು, ಒಂದು ಹನಿ ಮುಟ್ಟಿಲ್ಲ ಎಂದು ಮಾಯಪ್ಪ ಕಚೇರಿಯ ಮೆಟ್ಟಿಲ ಕೆಳಗೆ ನಿಂತು ಹಡೆದ ಮಗಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ಮಸಿ ಒಣಗಿದ ಕಾಗದವನ್ನು ಹರಿಯುವುದು ಗುರುಲಿಂಗಪ್ಪನಿಗೆ ಕಷ್ಟವೇನಿರಲಿಲ್ಲ. ಹರಿಯಲಿಲ್ಲ. ಮಾಯಪ್ಪನನ್ನು ಬಾಗಿಲ ಕೆಲಸದಿಂದ ತೆಗೆದು ಹೂಳು ಎತ್ತುವುದಕ್ಕೆ ಹಾಕಿದರು. ಈಗ ಉಪ್ಪಿಲ್ಲದ ನುಚ್ಚನ್ನು ಬಾಯಲ್ಲಿ ಹೊರಳಿಸುತ್ತ ಗುರುಲಿಂಗಪ್ಪನಿಗೆ, ಹೊಟ್ಟೆಯಲ್ಲಿ ನಿಂತದ್ದು ಅದೇ ಎನ್ನಿಸಿತು. ನಂಬದೆ ಹೋದವನನ್ನು ಯಾರೂ ನಂಬದಂತೆ ಆಗಿದೆ. ಈ ವಿಚಾರದಲ್ಲಿ ಒಂದು ತರದ ನೆಮ್ಮದಿಯೂ ಇತ್ತು. ಕಾರಣ ಸಿಕ್ಕಿತಲ್ಲ, ಲೆಕ್ಕ ಸರಿಹೋಯಿತಲ್ಲ ಎಂಬ ನೆಮ್ಮದಿ.

ಸೂಜಿಯಿಂದ ಉಚ್ಚೆ ಹೋಯಿತು, ಹೊಟ್ಟೆ ಇಳಿಯಲಿಲ್ಲ. ತಿಂಗಳ ಮೇಲೆ ಉಸಿರಾಡುವುದೇ ಕಷ್ಟವಾದಾಗ ನೀರು ತೆಗೆಸಲು ಮತ್ತೆ ಗೋಕಾಕಕ್ಕೆ ಹೋದರು. ದವಾಖಾನೆಯ ಕಟ್ಟೆಯ ಮೇಲೆ ಸರದಿ ಕಾಯುತ್ತ ಕೂತಿದ್ದರು. ಮಗಳು ಸಾವಿತ್ರವ್ವನ ಮಾವ ಕುಲಗೋಡದಿಂದ ಬಂದವನು, ಗೇಟಿನವರೆಗೆ ಬಂದು, ಒಳಗೆ ಬಾರದೆ, ದುಂಡಪ್ಪನ ಜೊತೆ ಅಲ್ಲೇ ಮಾತಾಡಿ ಹೊರಟುಹೋದದ್ದನ್ನು ಬಾಳವ್ವ ನೋಡಿದಳು. ಅವನು ಕಣ್ಮರೆಯಾದ ಮೇಲೂ ಗೇಟನ್ನೇ ನೋಡುತ್ತ ಹೇಳಿದಳು: ‘ಒಂದ ಮಾತ ಕೇಳ್ತೇನಿ. ಬೈಯೂದಿಲ್ಲ, ಅಳೂದಿಲ್ಲ.’

ಅವನೂ ಗೇಟಿನ ಕಡೆ ನೋಡಿದ.

‘ಇಪ್ಪತ್ತೆರಡ ವರ್ಷ ನಿಮ್ಮ ಕೂಡ ಬಾಳೇ ಮಾಡೇನಿ. ಮನಸಿನಾಗ ಇಟಗೊಂಡ ಒಳಗ ಹ್ವಾದ್ರಿ, ಹೆಚ್ಚು ಕಡಿಮಿ ಆತು, ಆಮ್ಯಾಲ ನಾ ಯಾರ್ನ ಕೇಳ್ಲಿ? ಕುಡದಿದ್ರ ಕುಡದೇನಿ ಅನ್ರಿ. ಅಷ್ಟ ಸಾಕು ನನಗ.’

ಇಲ್ಲ ಎಂದು ಹೇಳಲು ಬಾಯಿ ತೆರೆದು ಗುರುಲಿಂಗಪ್ಪ ಅವಳನ್ನು ನೋಡಿದ. ಕಾಲಿನ ಮೇಲೆ ಟಾಂಗಾದ ಧೂಳು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಅವಳು ಕೇಳುತ್ತಿರುವುದು ಖರೆಯನ್ನಲ್ಲ, ಹಿಡಿದುಕೊಳ್ಳಲು ಏನಾದರೊಂದನ್ನು ಎಂದು ಅವನಿಗೆ ತಿಳಿಯಿತು. ಸಾಕಾಗಿತ್ತು ಕೂಡ. ಬಾಗಿಲು ತಳ್ಳಿ ತಳ್ಳಿ ಕೈ ಸೋತವನು ಅದಕ್ಕೇ ಒರಗಿ ಕೂತುಬಿಡುವಂತೆ, ‘ಹೂಂ’ ಎಂದ.

‘ಹೂಂ ಅಂದ್ರ?’

‘ಕುಡೀತಿದ್ನಿ.’

ಬಾಳವ್ವನ ಮುಖದ ಗಂಟುಗಳೆಲ್ಲ ಒಮ್ಮೆಲೇ ಸಡಿಲವಾದವು. ಇಷ್ಟು ದಿನದ ಮೇಲೆ ಅವಳು ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು. ಎಲ್ಲಿ ಎಂದು ಕೇಳಿದಳು. ಸ್ಟೇಶನ್ ಬಾಜೂಕ ಎಂದ. ಯಾರ ಕೂಡ? ಒಬ್ಬನೇ. ಯಾವಾಗಿಂದ? ಸುಳ್ಳು ಇಷ್ಟು ಸಲೀಸಾಗಿ ಬರುವುದು ಕಂಡು ಅವನಿಗೇ ಬೆರಗಾಯಿತು. ಆದರೆ ಬಾಳವ್ವ ಅಲ್ಲಿಗೆ ನಿಲ್ಲಿಸಲಿಲ್ಲ. ಅವಳ ನೆನಪಿನಲ್ಲಿ ಅರ್ಥವಾಗದೆ ಉಳಿದಿದ್ದ ದಿನಗಳೆಲ್ಲ ಎದ್ದು ಬಂದವು. ಬೆಳಗಾವಿಯ ಗಾಡಿ ತಪ್ಪಿತೆಂದು ಮರುದಿನ ಬಂದದ್ದು? ಹೂಂ. ಸಾವಿತ್ರವ್ವನ ಲಗ್ನದಲ್ಲಿ ಜಗಳಾಡಿ ಹೊರಗೆ ಹೋದದ್ದು? ಹೂಂ. ಒಂದೊಂದು ಹೂಂಗೂ ಅವನ ಒಂದೊಂದು ದಿನ ಅವನ ಕೈಬಿಟ್ಟು ಹೋಗುತ್ತಿತ್ತು. ಕೊನೆಗೆ ಅವಳು ದನಿ ತಗ್ಗಿಸಿ, ‘ಕೂಸಿನ್ನ ಮಣ್ಣ ಮಾಡಿದ ದಿನಾನೂ?’ ಎಂದಳು.

ಎಂಟು ತಿಂಗಳ ಗಂಡುಕೂಸು. ಎಲ್ಲರೂ ಮನೆಗೆ ತಿರುಗಿದ ಮೇಲೆ ಗುರುಲಿಂಗಪ್ಪ ಒಬ್ಬನೇ ಒಡ್ಡಿನ ಮೇಲೆ ಹೋಗಿ ಕೂತಿದ್ದ. ಉಗುರಿನಲ್ಲಿ ಮಣ್ಣು ಸಿಕ್ಕಿಕೊಂಡಿತ್ತು. ತೊಳೆಯಲು ನೀರಿಗೆ ಕೈಯಿಳಿಸಿದವನಿಗೆ, ತೊಳೆದರೆ ಅದೂ ಹೋಗುತ್ತದಲ್ಲ ಎನ್ನಿಸಿ, ಬೆರಳು ಮಡಚಿ ಮುಷ್ಟಿ ಮಾಡಿಕೊಂಡು ಹೊತ್ತು ಮುಳುಗುವವರೆಗೆ ಹಾಗೆಯೇ ಕೂತಿದ್ದ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅವನದೇ ಎನ್ನುವಂಥದು ಏನಾದರೂ ಇದ್ದರೆ ಆ ಸಂಜೆಯೊಂದೇ. ಈಗ ಅದಕ್ಕೆ ಮಾತ್ರ ಇಲ್ಲ ಎಂದರೆ ಉಳಿದ ಹೂಂಗಳೆಲ್ಲ ಕುಸಿದು ಬೀಳುತ್ತವೆ.

‘ಹೂಂ’ ಎಂದ.

ಒಳಗೆ ಬೆನ್ನಿಗೆ ದಿಂಬು ಆನಿಸಿ ಕೂರಿಸಿದರು. ಹೊಟ್ಟೆಯ ಮೇಲ್ಭಾಗಕ್ಕೆ ಅಗಲವಾದ ಬಟ್ಟೆ ಸುತ್ತಿ ಅದರ ತುದಿಗಳನ್ನು ಹಿಂದೆ ಒಬ್ಬ ಜವಾನ ಹಿಡಿದುಕೊಂಡ. ನೀರು ಇಳಿದಂತೆ ಬಿಗಿಯುತ್ತ ಬರಬೇಕು, ಇಲ್ಲದಿದ್ದರೆ ಜೀವ ಸೋತು ಕಣ್ಣು ಕತ್ತಲೆ ಬರುತ್ತದೆ ಎಂದು ಡಾಕ್ಟರು ವಿವರಿಸಿದರು. ಅವರ ದನಿ ಬದಲಾಗಿತ್ತು. ಬಾಳವ್ವ ಆಗಲೇ ಹೇಳಿಬಿಟ್ಟಿದ್ದಳು. ‘ಖರೆ ಹೇಳಿದ್ರಿ, ಅರ್ಧಾ ಬ್ಯಾನಿ ಹೋತು ಅಂತ ತಿಳೀರಿ’ ಎಂದು ಭುಜ ತಟ್ಟಿದರು. ಹೊಕ್ಕುಳ ಕೆಳಗೆ ಕೊಳವೆ ಚುಚ್ಚಿದಾಗ ಬಿದಿರು ಸೀಳಿದಂಥ ನೋವು. ಆಮೇಲೆ ಬಕೆಟ್ಟಿನಲ್ಲಿ ನೀರು ಬೀಳುವ ಸಪ್ಪಳ. ಒಣಹುಲ್ಲಿನ ಬಣ್ಣದ, ತಿಳಿಯಾದ ನೀರು. ಅರ್ಧ ಬಕೆಟ್ಟು ತುಂಬಿದ್ದನ್ನು ಗುರುಲಿಂಗಪ್ಪ ಅಭ್ಯಾಸಬಲದಿಂದ ಅಳೆದ. ಇಷ್ಟು ತಿಳಿಯಾದದ್ದರಲ್ಲಿ ತಪ್ಪು ಎಲ್ಲಿ ಕರಗಿರುತ್ತದೆ ಎಂದು ನೋಡುತ್ತ ಕೂತ.

ಒಪ್ಪಿಕೊಂಡ ಮೇಲೆ ಎಲ್ಲರೂ ಒಳ್ಳೆಯವರಾದರು. ದುಂಡಪ್ಪ ಮತ್ತೆ ತಲೆ ತಗ್ಗಿಸಿ ಮಾತಾಡತೊಡಗಿದ. ಬಾಳವ್ವ ಪಕ್ಕದಲ್ಲಿ ಕೂತು ಉಣಿಸಿದಳು. ಧುಪದಾಳಕ್ಕೆ ಬಂದ ವಾರದಲ್ಲಿ ದುಂಡಪ್ಪ ಬಾಗೇವಾಡಿಯ ಮಠದ ಅಯ್ಯನವರನ್ನು ಕರೆತಂದ. ಅಯ್ಯನವರು ಪಾದೋದಕ ಕೊಟ್ಟು, ಎದೆಯ ಮೇಲಿನ ಲಿಂಗವನ್ನು ಅವನ ಅಂಗೈಯಲ್ಲಿ ಇಡಿಸಿ, ಇನ್ನು ಮುಂದೆ ಮುಟ್ಟುವುದಿಲ್ಲ ಎಂದು ಹೇಳಿಸಿದರು. ‘ಇನ್ನು ಮುಂದೆ’ ಎಂಬಲ್ಲಿ ಗುರುಲಿಂಗಪ್ಪನ ನಾಲಿಗೆ ನಿಂತಿತು. ಸುಳ್ಳು ಆ ಒಂದು ಮಾತಿನಲ್ಲಿತ್ತು, ಅದೂ ಲಿಂಗದ ಮುಂದೆ. ಅಯ್ಯನವರು ಅದನ್ನು ಪಶ್ಚಾತ್ತಾಪವೆಂದು ತಿಳಿದು ಕಾದರು. ಹೇಳಿದ. ಎಲ್ಲರ ಕಣ್ಣಲ್ಲೂ ನೀರು ಬಂತು.

ಮರುದಿನ ಮಾಯಪ್ಪ ಬಂದ. ಕಟ್ಟೆಯ ಕೆಳಗೆ, ಬಿಸಿಲಲ್ಲಿ, ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ನಿಂತ. ಗುರುಲಿಂಗಪ್ಪ ಹೊರಸಿನ ಮೇಲೆ ಎದ್ದು ಕೂತ. ಆಡಬೇಕಾದ ಮಾತನ್ನು ಅವನು ಎಷ್ಟೋ ದಿನದಿಂದ ಮನಸ್ಸಿನಲ್ಲಿ ಕಟ್ಟಿಟ್ಟಿದ್ದ. ಆದರೆ ಮಾಯಪ್ಪನೇ ಮೊದಲು ಬಾಯಿ ತೆರೆದ.

‘ಸಾಹೇಬ್ರ, ನಿಮ್ಮ ಸುದ್ದಿ ಕೇಳಿ ನನ್ನ ಎದಿ ಹಗುರಾತ್ರಿ. ಮನ್ಯಾಗ ಹೇಂತಿ ಕರೆವ್ವನ ಮುಂದೂ ಇಷ್ಟ ದಿನಾ ಬಾಯಿ ಬಿಟ್ಟಿದ್ದಿಲ್ಲ. ಆವತ್ತ ನಾ ಕುಡದಿದ್ನಿರಿ. ಮಗಳ ತಲಿ ಮ್ಯಾಲ ಕೈ ಇಟ್ಟು ಸುಳ್ಳ ಆಣಿ ಮಾಡಿದ್ನಿ. ನೀವು ಬರದದ್ದು ಖರೇನ ಇತ್ರಿ.’

ಗುರುಲಿಂಗಪ್ಪನಿಗೆ ಕುಳಿತ ಹೊರಸು ಒಂದು ಗೇಣು ಕೆಳಗಿಳಿದಂತಾಯಿತು. ಅಂದರೆ ಆ ತಪ್ಪೂ ತನ್ನದಲ್ಲ. ಹಗುರಾಗಬೇಕಿತ್ತು, ಆಗಲಿಲ್ಲ. ಇಷ್ಟು ದಿನ ಒರಗಿಕೊಂಡಿದ್ದ ಒಂದೇ ಗೋಡೆಯನ್ನು ಮಾಯಪ್ಪ ಕೈಮುಗಿದು ಎತ್ತಿಕೊಂಡು ಹೋಗುತ್ತಿದ್ದ. ಯಾವ ಕಾರಣವೂ ಇಲ್ಲದೆ, ಸುಮ್ಮನೆ, ಮಳೆ ಒಂದು ಹೊಲದ ಮೇಲೆ ಬಿದ್ದು ಇನ್ನೊಂದನ್ನು ಬಿಟ್ಟಂತೆ, ತನ್ನ ಕಾಳಿಜ ಕಲ್ಲಾಗಿತ್ತು. ಅವನು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, ‘ನಾ ಕುಡದಿಲ್ಲೋ ಮಾಯಪ್ಪಾ’ ಎಂದ.

ಮಾಯಪ್ಪನೂ ಬಾಗಿಲ ಕಡೆ ನೋಡಿದ. ಅವನ ಮುಖದಲ್ಲಿ ಆರು ವರ್ಷದಲ್ಲಿ ಕಾಣದ ಸಲಿಗೆ ಮೂಡಿತು. ‘ಹೂಂರಿ’ ಎಂದು ಕಣ್ಣು ಕಿರಿದು ಮಾಡಿ ನಕ್ಕ. ‘ನಾವಿಬ್ರೂ ಕುಡದಿಲ್ರಿ.’

ಎರಡು ಸಲ ನೀರು ತೆಗೆಸಿದ ಮೇಲೆ ಡಾಕ್ಟರು, ಇನ್ನು ತೆಗೆದಷ್ಟೂ ಬೇಗ ತುಂಬುತ್ತದೆ, ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಕೈಕಾಲು ಕಡ್ಡಿಯಾಗಿ ಹೊಟ್ಟೆಯೊಂದೇ ಉಳಿದಿತ್ತು. ಹಗಲೆಲ್ಲ ಮಂಪರು. ಬಾಳವ್ವನ ಹೆಸರು ನಾಲಿಗೆಯ ತುದಿಗೆ ಬಂದು ತಿರುಗಿ ಹೋಗುತ್ತಿತ್ತು. ಅಳತೆಗಲ್ಲಿನ ಅಂಕಿ ಬರೆಯಹೋದರೆ ಏಳರ ನಂತರ ಏನು ಬರುತ್ತದೆಂದು ಹೊಳೆಯುತ್ತಿರಲಿಲ್ಲ. ಕೈ ಚಾಚಿದರೆ ಮಣಿಕಟ್ಟು ಸೋತ ಹಕ್ಕಿಯ ರೆಕ್ಕೆಯಂತೆ ಪಟಪಟ ಬಡಿದುಕೊಳ್ಳುತ್ತಿತ್ತು. ನೀರಿನ ಲೋಟ ಹಿಡಿದ ಕೈ ಹಾಗೆ ಬಡಿದುಕೊಂಡು ನೀರು ಚೆಲ್ಲಿದ ದಿನ, ಪಡಸಾಲೆಯಲ್ಲಿ ದುಂಡಪ್ಪ ಹೇಳುವುದು ಕೇಳಿಸಿತು: ‘ಬಿಟ್ಟೋರ ಕೈ ಹಂಗ ನಡಗ್ತಾವ ವೈನಿ. ಜೀವ ಅದನ್ನ ಬೇಡ್ತೈತಿ. ಆಣಿ ಮಾಡ್ಯಾನ, ಬಾಯಿ ಬಿಟ್ಟ ಕೇಳವಲ್ಲ.’

ಮಧ್ಯಾಹ್ನ ದುಂಡಪ್ಪನನ್ನು ಯಾವುದೋ ಕೆಲಸಕ್ಕೆ ಕಳಿಸಿ ಬಾಳವ್ವ ಒಳಗೆ ಬಂದಳು. ಬಾಗಿಲು ಮುಂದೆ ಮಾಡಿದಳು. ಸೆರಗಿನೊಳಗಿಂದ ಸಣ್ಣ ಬಾಟಲಿ ತೆಗೆದಳು. ಇಪ್ಪತ್ತೆರಡು ವರ್ಷದಲ್ಲಿ ಸರಾಯಿ ಮಾರುವ ಓಣಿಯ ಕಡೆ ತಲೆ ಹಾಕಿರದವಳು ಯಾರ ಮನೆಯ ಹಿತ್ತಲಿಗೆ ಹೋಗಿ, ಏನೆಂದು ಕೇಳಿ ತಂದಳೋ, ಕೈ ಮಾತ್ರ ಬೆವೆತಿತ್ತು. ಬೆಳ್ಳಿಯ ಬಟ್ಟಲಿಗೆ ಸುರಿದಳು. ನಿಂಬೆ ಕೊಳೆತಂಥ, ಸುಟ್ಟ ಬೆಲ್ಲದಂಥ ನಾತ ಕೋಣೆಯನ್ನೆಲ್ಲ ತುಂಬಿತು. ಅವನ ಎದೆಯ ಮೇಲಿನ ಲಿಂಗದ ಕರಡಿಗೆಯ ಮೇಲೆ ಹೊದಿಕೆ ಎಳೆದು ಮುಚ್ಚಿದಳು.

‘ತಗೋರಿ’ ಎಂದಳು. ‘ಇನ್ನೆಷ್ಟ ದಿನಾ ಅದಾವು ನಿಮಗ. ಆಣಿ ಮುರದ ಪಾಪ ನನಗಿರ್ಲಿ.’

ಗುರುಲಿಂಗಪ್ಪನ ಮಂಪರು ಹರಿಯಿತು. ಬೇಡ ಎಂದರೆ ಸಂಕೋಚವೆಂದು ತಿಳಿಯುತ್ತಾಳೆ. ಎಂದೂ ಕುಡಿದಿಲ್ಲವೆಂದರೆ, ಸಾಯುವಾಗಲೂ ಸುಳ್ಳು ಹೇಳುತ್ತಾನೆಂದುಕೊಳ್ಳುತ್ತಾಳೆ. ದೇವರಿಗಿಂತ ಗಂಡನನ್ನು ಮುಂದೆ ಮಾಡಿಕೊಂಡು, ಎಲ್ಲ ಮಾನ ಬಿಟ್ಟು ತಂದಿದ್ದಾಳೆ. ಇದನ್ನು ಹಿಂದಿರುಗಿಸುವುದು ಹೇಗೆ? ಕುಡಿಯಬೇಕು, ಕುಡಿದು ಗೊತ್ತಿದ್ದವನಂತೆ ಕುಡಿಯಬೇಕು. ಒಂದೇ ಗುಟುಕಿಗೋ? ಸ್ವಲ್ಪ ಸ್ವಲ್ಪವೋ? ಅವನಿಗೆ ಗೊತ್ತಿರಲಿಲ್ಲ. ನಡುಗುವ ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ತುಟಿಯ ಹತ್ತಿರ ತಂದು, ಮೆಲ್ಲಗೆ ಊದಿ, ಒಂದು ಗುಟುಕು ಎಳೆದ. ಬೆಂಕಿ. ಗಂಟಲು ಮುಚ್ಚಿತು, ಮೂಗಿನಲ್ಲಿ ಬಂತು, ಕಣ್ಣು ಸುರಿದವು. ಕೆಮ್ಮಿ ಕೆಮ್ಮಿ ಉಳಿದದ್ದೆಲ್ಲ ಹೊದಿಕೆಯ ಮೇಲೆ, ಅವಳ ಕೈಯ ಮೇಲೆ ಚೆಲ್ಲಿತು. ಆದರೂ ರುಚಿ ಹತ್ತಿದವನಂತೆ ತಲೆಯಾಡಿಸಲು ನೋಡಿದ.

ಬಾಳವ್ವ ಒರೆಸಲಿಲ್ಲ. ಅವನನ್ನೇ ನೋಡುತ್ತಿದ್ದಳು.

‘ಊದಿದ್ರಿ’ ಎಂದಳು.

‘ಏನ?’

‘ಹಾಲ ಊದಿದಂಗ ಊದಿದ್ರಿ.’

ಅವನು ಮುಖ ಗೋಡೆಗೆ ತಿರುಗಿಸಿದ. ಅವಳು ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ಕೈ ಒರಟಾಗಿತ್ತು. ‘ನೀವು ಕುಡದ ಇಲ್ಲ. ಎಂದೂ ಕುಡದಿಲ್ಲ. ಮತ್ತ ಯಾಕ ಹಂಗ ಹೇಳಿದ್ರಿ? ಯಾಕ ಹೇಳಿದ್ರಿ ನನ್ನ ಮುಂದ?’

‘ನೀ ಕೇಳಿದಿ’ ಎಂದ. ‘ನಿನಗ ಏನರ ಬೇಕಾಗಿತ್ತು. ನನ್ನ ಹಂತ್ಯಾಕ ಮತ್ತೇನೂ ಇದ್ದಿಲ್ಲ.’

ಅವಳು ಹಣೆ ಬಡಿದುಕೊಂಡಳು. ಆಮೇಲೆ, ಕೇಳಲೋ ಬೇಡವೋ ಎಂಬಂತೆ, ‘ಆವತ್ತ ಎಲ್ಲಿದ್ರಿ ಮತ್ತ?’ ಎಂದಳು. ಯಾವತ್ತು ಎಂದು ಅವನು ಕೇಳಬೇಕಾಗಿರಲಿಲ್ಲ. ‘ಒಡ್ಡಿನ ಮ್ಯಾಲ. ಒಬ್ನ ಕುಂತಿದ್ನಿ’ ಎಂದ. ಬಾಳವ್ವ ಅವನ ಹೊಟ್ಟೆಯ ಮೇಲೆ ತಲೆಯಿಟ್ಟಳು. ಭಾರವಾಗುತ್ತದೆಂದು ನೆನಪಾಗಿ ಕೂಡಲೇ ಎತ್ತಿದಳು.

ಬಾಗಿಲು ತಳ್ಳಿಕೊಂಡು ದುಂಡಪ್ಪ ಬಂದ. ಹೊಸ್ತಿಲಲ್ಲೇ ನಿಂತ. ನಾತ, ಬಟ್ಟಲು, ತೊಯ್ದ ಹೊದಿಕೆ, ಅಣ್ಣನ ಕೆಂಪು ಕಣ್ಣು, ಒಂದಾದ ಮೇಲೊಂದು ನೋಡಿದ. ಅವನ ಮುಖದಲ್ಲಿ ಸಿಟ್ಟು ಬಂದು, ಇಳಿದು, ಅದರ ಜಾಗದಲ್ಲಿ ಕರುಣೆ ತುಂಬಿತು.

‘ನಾನ ತಂದ ಕೊಟ್ನಿ, ದುಂಡಪ್ಪಾ’ ಎಂದಳು ಬಾಳವ್ವ. ‘ಇವರಿಗೆ ಕುಡ್ಯಾಕ ಬರೂದಿಲ್ಲ. ನಾ ಕಣ್ಣಾರೆ ನೋಡೇನಿ. ಇವರು ಎಂದೂ ಕುಡದೋರಲ್ಲ.’

‘ನನಗ ತಿಳೀತೈತಿ ವೈನಿ’ ಎಂದು ದುಂಡಪ್ಪ ಮೃದುವಾಗಿ ಹೇಳಿ ಕಿಟಕಿ ತೆರೆಯಲು ಹೋದ. ‘ನಾ ಯಾರ ಮುಂದೂ ಹೇಳೂದಿಲ್ಲ.’

‘ಖರೆ ಹೇಳಾಕತ್ತೇನಿ!’

ದುಂಡಪ್ಪ ಇನ್ನೊಮ್ಮೆ ತಲೆಯಾಡಿಸಿದ. ಬಾಳವ್ವ ಅವನ ಬೆನ್ನನ್ನು ನೋಡಿದಳು, ತನ್ನ ಕೈಯಲ್ಲಿದ್ದ ಬಾಟಲಿ ನೋಡಿದಳು. ಅವಳ ಕುತ್ತಿಗೆಯ ನರ ಉಬ್ಬಿತು; ಮೂರನೆಯ ಸಲ ಹೇಳಲು ಬಾಯಿ ತೆರೆದಳು. ಗುರುಲಿಂಗಪ್ಪ ಪಟಪಟ ಬಡಿದುಕೊಳ್ಳುವ ಕೈಯನ್ನು ಹೇಗೋ ಎತ್ತಿ ಅವಳ ಮಣಿಕಟ್ಟು ಹಿಡಿದ.

‘ಸಾಕು’ ಎಂದ.